ಬಾಗಿಲು ಮತ್ತು ಕದ: ವಿಮಾನದ ಆಸನಗಳಿಗಿಟ್ಟ ಜಾರುಬಾಗಿಲುಗಳ ವಿಮರ್ಶೆ

೧

ವಿಮರ್ಶೆಯೆಂಬುದು ಕಾವ್ಯ ನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ನಮ್ಮಲ್ಲಿ ಬಳಕೆಯಾಗಿದೆ. ಆದರೆ ಮನುಷ್ಯನು ಮನುಷ್ಯನ ಉಪಯೋಗಕ್ಕೆಂದು ಮಾಡಿದ ಯಾವ ವಸ್ತುವೇ ಆಗಲಿ, ಮಾಡಿದವನ ಉದ್ದೇಶವೇನು, ಆ ಉದ್ದೇಶ ಯುಕ್ತವೇ, ಅದು ಎಷ್ಟರಮಟ್ಟಿಗೆ ಕೈಗೂಡಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಚಿಕ್ಕದೊಂದು ವಸ್ತುವಿಗೆ ಹಾಕಿ ನೋಡಬೇಕೆಂದಿದ್ದೇವೆ. ದೂರಪ್ರಯಾಣದ ವಿಮಾನಗಳಲ್ಲಿ ಮೇಲಿನ ದರ್ಜೆಯ ಆಸನದ ಸುತ್ತ ಎದೆಮಟ್ಟದ ಗೋಡೆಯೆಬ್ಬಿಸಿ, ಓಣಿಯ ಕಡೆಗೆ ಇಡುವ ಜಾರುಬಾಗಿಲೇ ಆ ವಸ್ತು.

ಇದರ ಚರಿತ್ರೆ ದೀರ್ಘವಾದುದಲ್ಲ. ೨೦೦೩ರಲ್ಲಿ ಎಮಿರೇಟ್ಸ್ ಸಂಸ್ಥೆ ತನ್ನ ಏರ್‌ಬಸ್ ಎ೩೪೦-೫೦೦ ವಿಮಾನಗಳ ಪ್ರಥಮ ದರ್ಜೆಯಲ್ಲಿ ಬಾಗಿಲುಳ್ಳ ಕಿರುಕೋಣೆಗಳನ್ನು ತಂದಿತು. ೨೦೦೭ರಲ್ಲಿ ಸಿಂಗಪುರ ಏರ್‌ಲೈನ್ಸ್ ಎ೩೮೦ ವಿಮಾನದಲ್ಲಿ ಅದನ್ನೇ ಮಾಡಿತು. ಈಗ ಹಾರಾಟ ನಿಲ್ಲಿಸಿರುವ ನಮ್ಮ ದೇಶದ ಜೆಟ್ ಏರ್‌ವೇಸ್ ಸಹ ಅದೇ ವರ್ಷ ಬೋಯಿಂಗ್ ೭೭೭ರ ಪ್ರಥಮ ದರ್ಜೆಯಲ್ಲಿ ಇಂಥ ಬಾಗಿಲುಗಳನ್ನಿಟ್ಟಿತು. ಅಲ್ಲಿಂದ ಮುಂದೆ ಬಾಗಿಲು ಒಂದು ಮೆಟ್ಟಲು ಕೆಳಗಿಳಿಯಿತು: ೨೦೧೪ರಲ್ಲಿ ಅಮೆರಿಕದ ಜೆಟ್‌ಬ್ಲೂ, ೨೦೧೭ರಲ್ಲಿ ಡೆಲ್ಟಾ ಮತ್ತು ಕತಾರ್ ಸಂಸ್ಥೆಗಳು ಪ್ರಥಮ ದರ್ಜೆಯ ಈ ಸೌಕರ್ಯವನ್ನು ಬಿಸಿನೆಸ್ ದರ್ಜೆಗೆ ತಂದವು. ೨೦೨೪ರ ಜನವರಿ ೨೨ರಂದು ಏರ್ ಇಂಡಿಯಾದ ಎ೩೫೦ ವಿಮಾನ ಮೊದಲ ಬಾರಿಗೆ ಪ್ರಯಾಣಿಕರನ್ನು ಹೊತ್ತು ಬೆಂಗಳೂರಿನಿಂದ ಮುಂಬಯಿಗೆ ಹೊರಟಾಗ, ಅದರ ಬಿಸಿನೆಸ್ ದರ್ಜೆಯ ೨೮ ಆಸನಗಳಿಗೂ ಜಾರುವ ಬಾಗಿಲುಗಳಿದ್ದವು. ಹೀಗೆ ಇಪ್ಪತ್ತು ವರ್ಷಗಳಲ್ಲಿ ಅಪರೂಪದ ವಸ್ತು ರೂಢಿಯ ವಸ್ತುವಾಯಿತು. ರೂಢಿಯಾದುದನ್ನು ಯಾರೂ ಪ್ರಶ್ನಿಸುವುದಿಲ್ಲವಾದ್ದರಿಂದಲೇ ಪರಿಶೀಲನೆಗೆ ಇದು ಸಕಾಲವೆಂದು ನಮಗೆ ತೋರುತ್ತದೆ.

೨

ನಮ್ಮ ಭಾಷೆಯಲ್ಲಿ ಬಾಗಿಲು ಮತ್ತು ಕದ ಎಂಬ ಎರಡು ಮಾತುಗಳಿವೆ. ಇಂದಿನ ಬಳಕೆಯಲ್ಲಿ ಒಂದರ ಬದಲು ಇನ್ನೊಂದನ್ನು ಆಡುವುದುಂಟಾದರೂ ಮೂಲದಲ್ಲಿ ಎರಡೂ ಒಂದೇ ಅಲ್ಲ. ಬಾಗಿಲೆಂದರೆ ಮನೆಯ ಬಾಯಿ, ಒಳಹೊರಗೆ ಹೋಗಿಬರುವ ತೆರಪು. ಕದವೆಂದರೆ ಆ ತೆರಪಿಗೆ ಅಡ್ಡವಾಗುವ ಹಲಗೆ. ಕದವಿಲ್ಲದ ಬಾಗಿಲು ಇರಬಲ್ಲದು, ಬಾಗಿಲಿಲ್ಲದ ಕದಕ್ಕೆ ಅರ್ಥವಿಲ್ಲ. ನಮ್ಮ ವಿಷಯದ ತಿರುಳೆಲ್ಲ ಈ ಭೇದದಲ್ಲಿ ಅಡಗಿದೆ. ಹಣ ತೆತ್ತ ಪ್ರಯಾಣಿಕನು ಬಯಸುವುದು ಕದವನ್ನು. ವಿಮಾನಯಾನದ ಕಾನೂನು ಕಾಯುವುದು ಬಾಗಿಲನ್ನು.

ಅಮೆರಿಕದ ವಿಮಾನಯಾನ ನಿಯಮಾವಳಿಯ ೨೫.೮೧೩ನೆಯ ಕಲಮಿನಲ್ಲಿ ೨೦೦೪ರಲ್ಲಿ ವಿಶದಪಡಿಸಿದ ವಿಧಿಯೊಂದುಂಟು. ವಿಮಾನ ಏರುವಾಗಲೂ ಇಳಿಯುವಾಗಲೂ ಜನ ಕುಳಿತಿರಬಹುದಾದ ಯಾವ ಆಸನಕ್ಕೂ ಯಾವ ತುರ್ತುದ್ವಾರಕ್ಕೂ ನಡುವೆ, ಪಾರಾಗುವ ದಾರಿಗೆ ಅಡ್ಡವಾಗುವಂತೆ ಕದವನ್ನು ಇಡಕೂಡದೆಂಬುದು ಅದರ ತಾತ್ಪರ್ಯ. ಯೂರೋಪಿನ ನಿಯಮವೂ ಇದೇ ದಾರಿಯಲ್ಲಿದೆ. ಅದೇ ಕಲಮಿನಲ್ಲಿ, ದಾರಿಗೆ ಅಡ್ಡಿಯಾಗದಂತೆ ಸರಿಯುವುದಾದರೆ ಪರದೆಗಳನ್ನು ಬಳಸಬಹುದೆಂದೂ ಹೇಳಿದೆ. ಅಂದರೆ ಕಾನೂನು ಬಟ್ಟೆಯನ್ನು ನಂಬುತ್ತದೆ, ಹಲಗೆಯನ್ನು ನಂಬುವುದಿಲ್ಲ. ಬಟ್ಟೆಯನ್ನು ಹೇಗೆ ನೂಕಿದರೂ ಅದು ದಾರಿ ಬಿಡುತ್ತದೆ. ಹಲಗೆ ತನ್ನ ಕಂಬಿಯಲ್ಲಿ ಮಾತ್ರ ಚಲಿಸಬಲ್ಲದು, ಕಂಬಿ ಬಾಗಿದರೆ ಅಲ್ಲಿಯೇ ನಿಂತುಬಿಡುತ್ತದೆ.

ಹಾಗಾದರೆ ಇಂದು ಹಾರುತ್ತಿರುವ ಜಾರುಬಾಗಿಲುಗಳು ಹೇಗೆ ಬಂದವು? ವಿನಾಯಿತಿಯ ಮೂಲಕ ಬಂದವು. ತಯಾರಕರು ತಮ್ಮ ವಿನ್ಯಾಸದಿಂದ ಸುರಕ್ಷತೆಗೆ ಕುಂದಿಲ್ಲವೆಂದು ತೋರಿಸಿಕೊಟ್ಟರೆ, ಕೆಲವು ಕರಾರುಗಳ ಮೇಲೆ ಸರಕಾರ ಅನುಮತಿ ಕೊಡುತ್ತದೆ. ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ವಸ್ತು ನಿಯಮದಿಂದ ಹುಟ್ಟಿದ್ದಲ್ಲ, ನಿಯಮಕ್ಕೆ ಅಪವಾದವಾಗಿ ಹುಟ್ಟಿದ್ದು. ಆದುದರಿಂದ ತಾನು ನಿರಪಾಯಿಯೆಂದು ಸಾಧಿಸುವ ಹೊಣೆ ಅದರದೇ.

೩

ಅಮೆರಿಕದಲ್ಲಿ ಕೊಟ್ಟ ವಿನಾಯಿತಿಗಳ ಕರಾರುಗಳನ್ನು ಒಟ್ಟಾಗಿ ಓದಿದರೆ, ಅವು ಕಟ್ಟಿಕೊಡುವ ಆದರ್ಶ ಕದದ ಚಿತ್ರ ವಿಚಿತ್ರವಾಗಿಯೇ ಕಾಣುತ್ತದೆ. ವಿಮಾನ ನೆಲದ ಮೇಲೆ ಓಡುವಾಗ, ಏರುವಾಗ, ಇಳಿಯುವಾಗ ಕದ ಪೂರ್ತಿ ತೆರೆದಿರಬೇಕು. ತೆರೆದ ಸ್ಥಿತಿಯಲ್ಲಿ ಅದನ್ನು ಹಿಡಿದಿಡುವ ಚಿಲಕವಿರಬೇಕು. ಆ ಚಿಲಕ ಕೆಟ್ಟರೆ ಕೆಲಸಕ್ಕೆ ಬರುವಂತೆ ಇನ್ನೊಂದೂ ಇರಬೇಕು. ಮುಚ್ಚಿದ ಸ್ಥಿತಿಯಲ್ಲಾದರೋ ಅಗಳಿ ಹಾಕುವ ಉಪಾಯವೇ ಇರಕೂಡದು. ವಿದ್ಯುತ್ತು ಇರಲಿ ಇಲ್ಲದಿರಲಿ, ೨೫ ಪೌಂಡಿಗೆ ಮೀರದ ಬಲದಿಂದ ಒಳಗಿನಿಂದಲೂ ಹೊರಗಿನಿಂದಲೂ ಅದು ತೆರೆಯಬೇಕು. ಗೋಡೆ ಕದಗಳ ಎತ್ತರ ಎಷ್ಟಿರಬೇಕೆಂದರೆ, ನೂರು ಮಂದಿ ಸ್ತ್ರೀಯರನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿದಾಗ ಗಿಡ್ಡರ ಕಡೆಯಿಂದ ಐದನೆಯವಳಾಗಿ ಬರುವ ಪರಿಚಾರಿಕೆಯೂ ಓಣಿಯಲ್ಲಿ ನಡೆಯುತ್ತ ಒಳಗಿನ ಪ್ರಯಾಣಿಕನನ್ನು ಕಾಣುವಂತಿರಬೇಕು.

ನಮ್ಮ ಮನೆಗಳ ಕದಕ್ಕೆ ಒಳಗಿನಿಂದ ಅಗಳಿ, ಹೊರಗಿನಿಂದ ಚಿಲಕ ಬೀಗ. ಹಾಕಿಕೊಳ್ಳುವುದರಲ್ಲಿಯೇ ಅದರ ಸಾರ್ಥಕ್ಯ. ಈ ಕದದ ಧರ್ಮ ಅದಕ್ಕೆ ನೇರ ವಿರುದ್ಧ. ಇದು ಗಟ್ಟಿಯಾಗಿ ನಿಲ್ಲಬೇಕಾದುದು ತೆರೆದಾಗ. ಮುಚ್ಚಿದಾಗ ಇದು ದುರ್ಬಲವಾಗಿರಬೇಕು. ಆದಕಾರಣ ಇಂಥ ಕದವನ್ನು ಅದು ಎಷ್ಟು ಚೆನ್ನಾಗಿ ಮುಚ್ಚುತ್ತದೆಂಬುದರಿಂದ ಅಳೆಯುವುದು ತಪ್ಪು. ಎಷ್ಟು ಚೆನ್ನಾಗಿ ಇಲ್ಲದಂತಾಗುತ್ತದೆಂಬುದೇ ಇದರ ಒರೆಗಲ್ಲು. ಪ್ರಚಾರ ಚಿತ್ರಗಳಲ್ಲಿ ನಾವು ಕಾಣುವುದು ಮುಚ್ಚಿದ ಕದ, ಮಂದವಾದ ದೀಪ, ತನ್ನದೇ ಕೋಣೆಯಲ್ಲಿ ಮಲಗಿದ ಪ್ರಯಾಣಿಕ. ಚಿತ್ರ ಕೋಣೆಯ ಮಾತಾಡುತ್ತದೆ, ಕಾನೂನು ಕೊಟ್ಟಿರುವುದು ಕೋಣೆಯನ್ನಲ್ಲ. ಮೇಲೆ ಚಾವಣಿಯಿಲ್ಲ, ಅಗಳಿಯಿಲ್ಲ, ನಡೆದುಹೋಗುವವರ ಕಣ್ಣಿಗೆ ಪೂರ್ತಿ ತಡೆಯೂ ಇಲ್ಲ. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಏಕಾಂತವಲ್ಲ, ಮರೆ. ಮರೆಯನ್ನು ಮರೆಯೆಂದೇ ಒಪ್ಪಿಕೊಂಡು ರೂಪಿಸಿದ ವಿನ್ಯಾಸ ಪ್ರಾಮಾಣಿಕವಾದುದು. ಕೋಣೆಯ ಭ್ರಮೆ ಹುಟ್ಟಿಸಲು ಹೊರಟ ವಿನ್ಯಾಸ ಭಾರವನ್ನೂ ಯಂತ್ರಗಳನ್ನೂ ಸೇರಿಸಿಕೊಳ್ಳುತ್ತ ಹೋಗಿ, ಕೊನೆಗೆ ತನ್ನ ಕರಾರುಗಳೊಡನೆಯೇ ಜಗಳಕ್ಕೆ ನಿಲ್ಲುತ್ತದೆ.

೪

ಜಗಳ ಎಲ್ಲಿ ಏಳುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಈ ಕದಗಳು ಓಣಿಯ ಉದ್ದಕ್ಕೆ, ಎಂದರೆ ವಿಮಾನ ಸಾಗುವ ದಿಕ್ಕಿಗೆ ಸಮಾನಾಂತರವಾಗಿ ಜಾರುತ್ತವೆ. ವಿಮಾನ ನೆಲಕ್ಕಪ್ಪಳಿಸಿ ಥಟ್ಟನೆ ನಿಂತರೆ ಒಳಗಿನ ವಸ್ತುಗಳೆಲ್ಲ ಮುಂದಕ್ಕೆ ನುಗ್ಗುತ್ತವೆ. ತುರ್ತು ಭೂಸ್ಪರ್ಶದಲ್ಲಿ ವಸ್ತುವಿನ ತೂಕದ ಒಂಬತ್ತು ಪಟ್ಟು ಬಲ ಮುಂದಕ್ಕೂ, ಒಂದೂವರೆ ಪಟ್ಟು ಬಲ ಹಿಂದಕ್ಕೂ ತಗಲುವುದೆಂದು ನಿಯಮಾವಳಿ ಲೆಕ್ಕಹಾಕಿದೆ. ಉದಾಹರಣೆಗೆ ಕದದ ತೂಕ ಹತ್ತು ಕಿಲೋಗ್ರಾಮೆಂದು ಇಟ್ಟುಕೊಳ್ಳೋಣ. ತೆರೆದಾಗ ಅದು ಆಸನದ ಹಿಂಬದಿಯ ಚಿಪ್ಪಿನಲ್ಲಿ ಸೇರಿಕೊಂಡು, ಮುಚ್ಚುವಾಗ ಮುಂದಕ್ಕೆ ಜಾರುವಂಥದಾದರೆ, ಅಪಘಾತದ ಕ್ಷಣದಲ್ಲಿ ತೊಂಬತ್ತು ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಅದನ್ನು ಮುಚ್ಚಲು ಹವಣಿಸುತ್ತದೆ. ತಡೆಯುವುದು ಚಿಲಕವೊಂದೇ. ಇದಕ್ಕೆ ಬದಲಾಗಿ ಕದ ಮುಂಬದಿಯ ಗೂಡಿನಲ್ಲಿ ಸೇರಿಕೊಂಡು, ಮುಚ್ಚುವಾಗ ಹಿಂದಕ್ಕೆ ಬರುವಂತಿದ್ದರೆ, ಅದೇ ಬಲ ಅದನ್ನು ತೆರೆದೇ ಇಡುತ್ತದೆ. ಚಿಲಕ ಹೊರಬೇಕಾದುದು ಹಿಂದಕ್ಕೆ ತಗಲುವ ಅಲ್ಪಬಲವನ್ನು ಮಾತ್ರ. ಎರಡನೆಯ ಕ್ರಮಕ್ಕೂ ತೊಡಕುಗಳಿವೆ. ಮುಂಬದಿಯ ಗೂಡು ಬಹುವೇಳೆ ಮುಂದಿನ ಆಸನದ ಚಿಪ್ಪಿಗೆ ಸೇರಿದ್ದು. ಎರಡು ಆಸನಗಳು ಬೇರೆಬೇರೆಯಾಗಿ ಅಲುಗಿದರೆ ಕದ ನಡುವೆ ಸಿಕ್ಕಿಕೊಳ್ಳಬಹುದು. ಆದರೂ ಪ್ರಕೃತಿಯ ಬಲ ತೆರೆಯುವ ಕಡೆಗಿರುವುದು ಮೇಲೋ ಮುಚ್ಚುವ ಕಡೆಗಿರುವುದು ಮೇಲೋ ಎಂದು ಕೇಳಿದರೆ ಉತ್ತರ ಸ್ಪಷ್ಟ. ಕದ ಜಾರುವ ದಿಕ್ಕನ್ನು ಅಂದಕ್ಕಾಗಿಯೋ ಸ್ಥಳದ ಉಳಿತಾಯಕ್ಕಾಗಿಯೋ ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಚಿಲಕವನ್ನು ಬಲಪಡಿಸುತ್ತ ಹೋಗುವ ವಿನ್ಯಾಸಕ್ರಮವನ್ನು ನಾವು ಒಪ್ಪಲಾರೆವು.

ಎರಡನೆಯದು ಕಂಬಿಯ ಮಾತು. ಮಳೆಗಾಲದಲ್ಲಿ ಉಬ್ಬಿದ ಮರದ ಕದ ದಾರಂದಕ್ಕೆ ಕಚ್ಚಿಕೊಳ್ಳುವುದನ್ನು ಕಾಣದವರು ನಮ್ಮಲ್ಲಿಲ್ಲ. ಚೌಕಟ್ಟು ಒಂದಿಷ್ಟು ಸೊಟ್ಟಗಾದರೂ ಜಾರುವ ಕದಕ್ಕೆ ಅದೇ ಗತಿ. ೧೯೮೮ರಿಂದ ಬಂದ ನಿಯಮದಂತೆ, ಗುರುತ್ವದ ಹದಿನಾರು ಪಟ್ಟು ವೇಗಕುಂಠನಕ್ಕೆ ಆಸನವನ್ನು ಒಡ್ಡುವ ಮೊದಲು, ಅದನ್ನು ನೆಲಕ್ಕೆ ಬಂಧಿಸಿದ ಎರಡು ಕಂಬಿಗಳನ್ನು ಹತ್ತು ಡಿಗ್ರಿಯಷ್ಟು ಓರೆ ಮಾಡಲಾಗುತ್ತದೆ. ವಿಮಾನದ ನೆಲ ಅಪಘಾತದಲ್ಲಿ ಸಮವಾಗಿ ಉಳಿಯುವುದಿಲ್ಲವೆಂಬ ಅನುಭವದಿಂದ ಬಂದ ವಿಧಿಯಿದು. ನಮ್ಮ ನಾಡೇ ಇದಕ್ಕೆ ದುಃಖಕರವಾದ ಸಾಕ್ಷ್ಯ ಕೊಟ್ಟಿದೆ. ೨೦೧೦ರ ಮೇ ೨೨ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ ೧೫೮ ಮಂದಿ ತೀರಿಕೊಂಡರು. ಬದುಕಿದ ಎಂಟು ಮಂದಿ ಪಾರಾದದ್ದು ವಿಮಾನದ ಒಡಲು ಒಡೆದು ಉಂಟಾದ ಬಿರುಕಿನ ಮೂಲಕ. ವಿನ್ಯಾಸಗಾರನು ನಕ್ಷೆಯಲ್ಲಿ ಬರೆದ ದಾರಿಯೇ ಆ ಹೊತ್ತಿಗೆ ಉಳಿದಿರುತ್ತದೆಂದು ಹೇಳಬರುವಂತಿಲ್ಲ. ಆದ್ದರಿಂದ ಕಚ್ಚಿಕೊಂಡ ಕದವನ್ನು ಬಿಟ್ಟು ಹೊರಬರುವ ಎರಡನೆಯ ಉಪಾಯವೊಂದು, ಕಿತ್ತುಬರುವ ಫಲಕವಾಗಲಿ, ಒತ್ತಿದರೆ ಒಡೆಯುವ ಭಾಗವಾಗಲಿ, ಅವಶ್ಯವಾಗಿ ಇರಬೇಕು. ಅದು ಇದ್ದರೆ ಸಾಲದು, ಪ್ರಯಾಣಿಕನಿಗೆ ಗೊತ್ತಿರಬೇಕು. ಹೊಗೆಯಲ್ಲಿ ತಡಕಾಡುವ ಕೈಗೆ ತಾನಾಗಿಯೇ ಸಿಕ್ಕದ ಉಪಾಯ ಕಾಗದದ ಮೇಲಿನ ಉಪಾಯವಷ್ಟೇ.

೫

ಇಷ್ಟೆಲ್ಲ ಎಚ್ಚರ ಒಂದು ಹಲಗೆಗೆ ಬೇಕೇ ಎಂದು ವಾಚಕರಲ್ಲಿ ಕೆಲವರಿಗೆ ಅನ್ನಿಸಬಹುದು. ೧೯೮೫ರ ಆಗಸ್ಟ್ ೨೨ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಡೆದ ದುರಂತ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮೇಲೇರಲು ಓಡುತ್ತಿದ್ದ ಬೋಯಿಂಗ್ ೭೩೭ ವಿಮಾನದ ಎಂಜಿನು ಒಡೆದು ಬೆಂಕಿ ಹತ್ತಿತು. ವಿಮಾನ ನೆಲಬಿಟ್ಟು ಏಳಲೇ ಇಲ್ಲ. ಅಗ್ನಿಶಾಮಕರೂ ಬೇಗನೆ ಬಂದರು. ಆದರೂ ಒಳಗಿದ್ದ ೧೩೭ ಮಂದಿಯಲ್ಲಿ ೫೫ ಮಂದಿ ಸತ್ತರು, ಬಹುಪಾಲು ಹೊಗೆಯಿಂದ. ಮುಂಬದಿಯ ದ್ವಾರಗಳಿಗೆ ಹೋಗಲು ಇದ್ದ ದಾರಿ ಎರಡು ಗೋಡೆಗಳ ನಡುವೆ ಇಪ್ಪತ್ತೆರಡೂವರೆ ಅಂಗುಲ ಮಾತ್ರವಿತ್ತು. ಜನ ಅಲ್ಲಿ ಒತ್ತಿಕೊಂಡು ಸಿಕ್ಕಿಬಿದ್ದರು. ಆಮೇಲೆ ಕ್ರ್ಯಾನ್‌ಫೀಲ್ಡಿನಲ್ಲಿ ಹೆಲೆನ್ ಮ್ಯೂರ್ ಮತ್ತು ಅವರ ಸಹೋದ್ಯೋಗಿಗಳು, ಮೊದಲು ಹೊರಬಂದವರಿಗೆ ಹೆಚ್ಚು ಹಣ ಕೊಡುವುದಾಗಿ ಹೇಳಿ ಪ್ರಯೋಗಗಳನ್ನು ನಡೆಸಿದರು. ಜನ ಪೈಪೋಟಿಯಿಂದ ನುಗ್ಗಿದಾಗ ಇಕ್ಕಟ್ಟಾದ ದಾರಿ ಹೇಗೆ ಕಟ್ಟಿಕೊಳ್ಳುತ್ತದೆಂಬುದು ಅವುಗಳಿಂದ ತಿಳಿದುಬಂತು. ಹೊರದ್ವಾರಗಳ ಸಂಖ್ಯೆಯಷ್ಟೇ ಒಳಗಿನ ಪೀಠೋಪಕರಣದ ಒಂದೊಂದು ಅಂಗುಲವೂ ಪ್ರಾಣದ ಲೆಕ್ಕಕ್ಕೆ ಸೇರಿದ್ದೆಂಬುದು ಇದರ ಪಾಠ.

ಇದಕ್ಕೆ ವಿರುದ್ಧವಾದ, ಸಮಾಧಾನ ಕೊಡುವ ಪ್ರಸಂಗವೂ ಉಂಟು. ೨೦೨೪ರ ಜನವರಿ ೨ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ೩೫೦ ವಿಮಾನ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿಹೊಡೆದು ಹೊತ್ತಿಕೊಂಡಿತು. ಚಿಕ್ಕ ವಿಮಾನದ ಆರು ಮಂದಿಯಲ್ಲಿ ಐವರು ಮೃತಪಟ್ಟರು. ದೊಡ್ಡ ವಿಮಾನದ ೩೭೯ ಮಂದಿಯೂ, ಎಂಟು ದ್ವಾರಗಳಲ್ಲಿ ಮೂರನ್ನು ಮಾತ್ರ ಬಳಸಿ, ಪಾರಾದರು. ಧ್ವನಿವರ್ಧಕ ವ್ಯವಸ್ಥೆ ಕೆಟ್ಟಿದ್ದರಿಂದ ಪರಿಚಾರಕರು ಕೈಯಲ್ಲಿ ಹಿಡಿಯುವ ತುತ್ತೂರಿಗಳಲ್ಲಿ ಕೂಗಿ ಜನರನ್ನು ನಡೆಸಿದರು. ಎಲ್ಲರನ್ನೂ ಕಾಣುವ ಕಣ್ಣು, ಎಲ್ಲರಿಗೂ ಕೇಳುವ ದನಿ, ತಡೆಯಿಲ್ಲದ ಓಣಿ, ಈ ಮೂರರಿಂದ ಅದು ಸಾಧ್ಯವಾಯಿತು. ಇದಾಗಿ ಇಪ್ಪತ್ತನೆಯ ದಿನ ಅದೇ ಜಾತಿಯ ವಿಮಾನವೊಂದು ೨೮ ಕದಗಳೊಡನೆ ಬೆಂಗಳೂರಿನಿಂದ ಹೊರಟದ್ದನ್ನು ಮೇಲೆ ಹೇಳಿದೆವು. ಅದು ಅಪಾಯಕಾರಿಯೆಂದು ನಾವು ಹೇಳುತ್ತಿಲ್ಲ. ಪ್ರತಿ ಏರಿಕೆಗೆ ಮುಂಚೆ, ಪ್ರತಿ ಇಳಿಕೆಗೆ ಮುಂಚೆ ಇಪ್ಪತ್ತೆಂಟು ಚಿಲಕಗಳನ್ನು ನೋಡಿ ಖಚಿತಪಡಿಸಿಕೊಳ್ಳುವ ಹೊಸ ಕೆಲಸ ಪರಿಚಾರಕ ವರ್ಗದ ಮೇಲೆ ಬಿತ್ತೆಂಬುದನ್ನು ಗಮನಕ್ಕೆ ತರುತ್ತಿದ್ದೇವೆ. ಚಿಲಕ ಬಿದ್ದಿದೆಯೋ ಇಲ್ಲವೋ ಎಂಬುದು ಓಣಿಯಲ್ಲಿ ನಡೆಯುತ್ತಿರುವಾಗಲೇ ಒಂದು ಬಣ್ಣದ ಗುರುತಿನಿಂದ ತಿಳಿಯುವಂತಿದ್ದರೆ ಆ ಕೆಲಸ ಹಗುರ. ಬಗ್ಗಿ, ಅಲುಗಿಸಿ ನೋಡಬೇಕಾದರೆ, ದಣಿದ ರಾತ್ರಿಯಲ್ಲಿ ಒಂದು ತಪ್ಪಿಹೋಗುವುದು ಅಸಂಭವವಲ್ಲ.

ಪರೀಕ್ಷೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ೪೪ಕ್ಕಿಂತ ಹೆಚ್ಚು ಪ್ರಯಾಣಿಕರ ವಿಮಾನದಿಂದ ಎಲ್ಲರೂ ೯೦ ಸೆಕೆಂಡುಗಳಲ್ಲಿ ಹೊರಬರಲು ಸಾಧ್ಯವೆಂದು ತೋರಿಸಬೇಕೆಂಬುದು ನಿಯಮ. ೨೦೦೬ರಲ್ಲಿ ಹ್ಯಾಂಬರ್ಗಿನಲ್ಲಿ ಎ೩೮೦ ವಿಮಾನದಿಂದ ೮೭೩ ಮಂದಿ ೭೮ ಸೆಕೆಂಡುಗಳಲ್ಲಿ ಹೊರಬಂದರು. ಆದರೆ ಆ ದಿನ ವಿಮಾನದೊಳಗೆ ಇದ್ದದ್ದು ಸಾಲುಸಾಲಾದ ಸಾಧಾರಣ ಆಸನಗಳು, ಗೋಡೆಗಳಿಲ್ಲ, ಕದಗಳಿಲ್ಲ. ಇಂಥ ಪರೀಕ್ಷೆಗೆ ಬರುವವರು ಆರೋಗ್ಯವಂತರು. ಅವರಲ್ಲಿ ಶೇಕಡಾ ೩೫ರಷ್ಟು ಮಂದಿ ಐವತ್ತು ದಾಟಿದವರಿರಬೇಕೆಂಬ ವಿಧಿಯಿದ್ದರೂ ಎಪ್ಪತ್ತು ದಾಟಿದವರ, ಕೋಲೂರಿ ನಡೆಯುವವರ ಮಾತು ಅದರಲ್ಲಿಲ್ಲ. ನಮ್ಮ ನಾಡಿನಿಂದ ಕಡಲಾಚೆಯ ಮಕ್ಕಳ ಮನೆಗೆ ಹೋಗುವ ತಂದೆತಾಯಿಗಳನ್ನು ನೆನೆದರೆ ಈ ಕೊರತೆಯ ಅರ್ಥ ತಿಳಿಯುತ್ತದೆ. ತಂದೆತಾಯಿ ಮಲಗಿಕೊಂಡು ಬರಲೆಂದು ಮಕ್ಕಳು ಹೆಚ್ಚು ಹಣ ತೆತ್ತು ಕೊಡಿಸುವುದು ಈ ಆಸನಗಳನ್ನೇ. ೨೫ ಪೌಂಡೆಂದರೆ ಹನ್ನೊಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಕೀಲುನೋವಿನ ಮುದುಕಿಯೊಬ್ಬರು ಕುಳಿತಲ್ಲಿಂದಲೇ ಪಕ್ಕಕ್ಕೆ ಕೈಚಾಚಿ ಅಷ್ಟು ಬಲ ಹಾಕಬಲ್ಲರೇ? ಕಾನೂನಿನ ಅಂಕಿ ಮೀರಬಾರದ ಮಿತಿಯೇ ಹೊರತು ಮುಟ್ಟಬೇಕಾದ ಗುರಿಯಲ್ಲ. ಮಿತಿಯೊಳಗಿದ್ದೇವೆಂದು ತೃಪ್ತಿಪಡುವ ವಿನ್ಯಾಸಗಾರನು ತನ್ನ ವಸ್ತುವನ್ನು ಯಾರು ಬಳಸುತ್ತಾರೆಂಬುದನ್ನು ಮರೆತಿದ್ದಾನೆ.

೬

ಹಾಗಾದರೆ ಈ ಕದ ಬೇಡವೇ? ಎರಡನೆಯ ದರ್ಜೆಯ ಹವಾನಿಯಂತ್ರಿತ ರೈಲುಡಬ್ಬಿಯಲ್ಲಿ ಪರದೆಯೆಳೆದುಕೊಂಡು ರಾತ್ರಿ ಕಳೆದವರು, ಮರೆಗೆ ಬಟ್ಟೆ ಸಾಲದೇ ಎಂದು ಕೇಳಬಹುದು. ಪರದೆಗೆ ಭಾರವಿಲ್ಲ, ಕಂಬಿ ಕಚ್ಚುವ ಭಯವಿಲ್ಲ, ಬೆರಳು ಜಜ್ಜುವ ಸಂಭವವಿಲ್ಲ. ಕದವೂ ಚಾವಣಿ ಮುಟ್ಟದಿರುವುದರಿಂದ ಸದ್ದನ್ನು ತಡೆಯುವುದರಲ್ಲಿ ಪರದೆಗಿಂತ ಬಹಳ ಮೇಲೆಂದು ಹೇಳಲಾಗದು. ಈ ವಾದದಲ್ಲಿ ಹುರುಳಿದೆ. ಆದರೆ ಅದೇ ರೈಲಿನ ಪ್ರಥಮ ದರ್ಜೆಯಲ್ಲಿ ಜಾರುವ ಕದದ ಹಿಂದೆ ನಿಶ್ಚಿಂತೆಯಿಂದ ನಿದ್ರಿಸಿದ ಒಂಟಿ ಸ್ತ್ರೀಯ ಅನುಭವವನ್ನೂ ನಾವು ಕೇಳಬೇಕು. ಪರದೆ ಅಪರಿಚಿತನ ಕೈಗೂ ಅಷ್ಟೇ ಸುಲಭವಾಗಿ ಸರಿಯುತ್ತದೆ. ಕದ ಸರಿದಾಗ ಸದ್ದಾಗುತ್ತದೆ, ಸರಿಸುವವನು ಯೋಚಿಸಬೇಕಾಗುತ್ತದೆ. ಮಗುವಿಗೆ ಹಾಲೂಡಿಸುವ ತಾಯಿಗೂ, ಹದಿನಾರು ಗಂಟೆಗಳ ಹಾರಾಟದಲ್ಲಿ ಕಾಯಿಲೆಯ ಮೈಯನ್ನು ಹೊರಳಿಸಬೇಕಾದ ವೃದ್ಧನಿಗೂ ಈ ಮರೆ ಕೇವಲ ಭೋಗವಲ್ಲ, ಮಾನ. ಆದ್ದರಿಂದ ಮೊದಲು ಎತ್ತಿದ ಪ್ರಶ್ನೆಗಳಿಗೆ ನಮ್ಮ ಉತ್ತರವಿದು: ಮರೆ ಕೊಡುವ ಉದ್ದೇಶ ಯುಕ್ತವಾದುದೇ. ಅದು ಕೈಗೂಡಿರುವುದು ಮಾತ್ರ ಅಸಮವಾಗಿ.

ಒಳ್ಳೆಯ ಕದವನ್ನು ಗುರುತಿಸಲು ಐದು ಲಕ್ಷಣಗಳನ್ನು ಸೂಚಿಸಬಹುದೆಂದು ತೋರುತ್ತದೆ. ಅದು ಹಗುರವಾಗಿರಬೇಕು. ಮುಂದಕ್ಕೆ ನುಗ್ಗುವ ಬಲ ಅದನ್ನು ತೆರೆಯುವ ಕಡೆಗಿರಬೇಕು. ಕೈಬಿಟ್ಟರೆ ತಾನಾಗಿ ತೆರೆದ ಸ್ಥಿತಿಗೆ ಮರಳುವಂತಿರಬೇಕು. ಇದಕ್ಕೆ ವಿದ್ಯುತ್ತು ಬೇಕಾಗಬಾರದು. ಚಿಲಕದ ಸ್ಥಿತಿ ದೂರದಿಂದ ಕಾಣಬೇಕು. ಕೊನೆಯದಾಗಿ, ಎಲ್ಲವೂ ಕೆಟ್ಟಾಗ ಅದು ಅತ್ಯಂತ ದುರ್ಬಲ ಕೈಗೂ ಸೋಲಬೇಕು. ಇವುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಮಾರಾಟದ ಬೆಲೆಯಿಲ್ಲ. ಭಾರವಾದ, ಗಟ್ಟಿಯಾದ, ಮರದ ಹೊಳಪಿನ ಕದವೇ ಬೆಲೆಬಾಳುವಂತೆ ಕಾಣುತ್ತದೆ. ವಿನ್ಯಾಸಗಾರನ ಮೇಲಿನ ನಿಜವಾದ ಒತ್ತಡ ಇಲ್ಲಿಯೇ ಇದೆ.

ಈ ವಿಷಯ ನಮ್ಮ ವಿದ್ಯಾರ್ಥಿಗಳಿಗೆ ದೂರದ್ದೆಂದು ಯಾರೂ ಭಾವಿಸಬಾರದು. ವಿಮಾನಗಳ ಒಳಾಂಗಣದ ನಕ್ಷೆಗಳನ್ನು ಬರೆಯುವ ಕೆಲಸ ಬೆಂಗಳೂರಿನ ಕಚೇರಿಗಳಲ್ಲಿಯೂ ನಡೆಯುತ್ತಿದೆ. ಕಾಲೇಜಿನ ಕಾರ್ಯಾಗಾರದಲ್ಲಿ ಹಲಗೆಗಳಿಂದ ಒಂದು ಆಸನದ ಗೂಡನ್ನು ಕಟ್ಟಿ, ಕಂಬಿಯ ಮೇಲೆ ಕದವನ್ನಿಟ್ಟು, ಹಿಡಿಕೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಕಂಬಿಯನ್ನು ಒಂದೊಂದೇ ಡಿಗ್ರಿ ಓರೆಮಾಡುತ್ತ ಎಳೆತದ ಬಲ ಹೇಗೆ ಏರುತ್ತದೆಂಬುದನ್ನು ಬರೆದಿಡಬಹುದು. ಆ ಗೂಡಿನಲ್ಲಿ ಮೊದಲು ಕೂರಿಸಬೇಕಾದುದು ಆಟದ ಮೈದಾನದಿಂದ ಬಂದ ಹುಡುಗರನ್ನಲ್ಲ, ತಮ್ಮ ತಮ್ಮ ಮನೆಯ ಅಜ್ಜ ಅಜ್ಜಿಯರನ್ನು. ಅವರ ಕೈಬಲದ ಅಳತೆಗಳು ದೊರೆತರೆ, ೨೫ ಪೌಂಡೆಂಬ ಅಂಕಿಯ ಬಗ್ಗೆ ನಾವು ಮೇಲೆ ಊಹೆಯಿಂದ ಆಡಿದ ಮಾತು ನಿಜವೋ ಅಲ್ಲವೋ ಗೊತ್ತಾಗುತ್ತದೆ. ಅಂಥ ಅಳತೆಗಳನ್ನು ಯಾರಾದರೂ ಮಾಡಿ ಪ್ರಕಟಿಸಿದರೆ ಈ ವಿಮರ್ಶೆಯನ್ನು ತಿದ್ದಿಕೊಳ್ಳಲು ನಾವು ಸಿದ್ಧರಿದ್ದೇವೆ.